ಸಾಂತಾ ಕ್ರಿಸ್ತಿನಾ ದೆ ಲೇನಾ: ಟೇಪು ಹಿಡಿದು ಓದಿದ ಇಗರ್ಜಿ

ಸ್ಪೇನಿನ ಅಸ್ತೂರಿಯಾಸ್ ಬೆಟ್ಟಸೀಮೆಯಲ್ಲಿ, ಒವಿಯೆದೊ ಪಟ್ಟಣದ ದಕ್ಷಿಣಕ್ಕೆ, ಲೇನಾ ಕಣಿವೆಯ ಒಂದು ದಿಬ್ಬದ ಮೇಲಿದೆ ಈ ಪುಟ್ಟ ಇಗರ್ಜಿ. ಹೊರಗಿನಿಂದ ಸುತ್ತು ಹಾಕಿದವರು ಶಿಲುಬೆಯಾಕಾರ ಅಂದುಕೊಳ್ಳುತ್ತಾರೆ. ಒಳಗಿರುವುದು ಒಂದೇ ಉದ್ದನೆಯ ಹಜಾರ. ನಾಲ್ಕೂ ಬದಿಗೆ ಒಂದೊಂದು ಕೋಣೆ ಅಂಟಿಕೊಂಡಿದೆ. ಹಾಗಾಗಿ ಇದರ ನಕ್ಷೆ ಬರೆಯಲು ನಾನು ಒಳಗನ್ನೂ ಹೊರಗನ್ನೂ ಬೇರೆಬೇರೆ ಅಳೆದು, ಬಾಗಿಲಲ್ಲಿ ಸಿಗುವ ಗೋಡೆಯ ದಪ್ಪದಿಂದ ಎರಡನ್ನೂ ಹೊಂದಿಸಿದೆ.

ಟೇಪನ್ನು ಒಂದೇ ಸೊನ್ನೆಯಿಂದ ಎಳೆದು ಅಳತೆಗಳನ್ನು ಬರೆದುಕೊಳ್ಳಬೇಕು. ಕಂಬದಿಂದ ಕಂಬಕ್ಕೆ ತುಂಡುತುಂಡಾಗಿ ಅಳೆದು ಕೂಡಿದರೆ ತಪ್ಪೂ ಕೂಡುತ್ತಾ ಹೋಗುತ್ತದೆ. ಪ್ರತಿ ಕೋಣೆಗೂ ಎರಡು ಕರ್ಣ ಕಡ್ಡಾಯ: ಅವಿಲ್ಲದೆ 1:50ರಲ್ಲಿ (ನಿಜ ಅಳತೆಯ ಐವತ್ತನೇ ಒಂದು ಪಾಲಿಗೆ ಇಳಿಸಿ) ಬರೆದರೆ ಸೊಟ್ಟ ಕೋಣೆಯೂ ನೇರವಾಗಿಬಿಡುತ್ತದೆ. ನೆಲವಂತೂ ಸಮವಿಲ್ಲ. ಬಲಿಪೀಠದ ಕಡೆ ಮೆಟ್ಟಿಲು ಹತ್ತಬೇಕು. ಪಶ್ಚಿಮದ ಬಾಗಿಲ ಮೇಲೆ ಅಟ್ಟದಂಥ ಮಾಳಿಗೆಯಿದೆ. ಮೊದಲು ನೀರು ತುಂಬಿದ ಲೆವೆಲ್ ಪೈಪಿನಿಂದ ಸುತ್ತಲೂ ಒಂದೇ ಮಟ್ಟ ಗೊತ್ತುಮಾಡಿ, ಎಲ್ಲ ಎತ್ತರವನ್ನೂ ಅಲ್ಲಿಂದಲೇ ಎಣಿಸಿದೆ. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಆ ಮಟ್ಟವೇ ಸುಳ್ಳು.

ಹೆಚ್ಚು ಹೊತ್ತು ಹಿಡಿದದ್ದು ಬಲಿಪೀಠದ ಮುಂದಿನ ಮೂರು ಕಮಾನುಗಳ ಕಲ್ಲಿನ ತೆರೆ. ನಡುಗಮಾನಿನ ಕೆಳಗೆ ಬಳ್ಳಿ ಕೆತ್ತಿದ ಅಡ್ಡ ಚಪ್ಪಡಿಯಿದೆ. ಎದುರಿನಿಂದ ಬೆಳಕು ಬಿಟ್ಟರೆ ಅದರ ಅಕ್ಷರ ಮಾಯ. ಟಾರ್ಚನ್ನು ಕಲ್ಲಿಗೆ ಬಹುತೇಕ ಸಮಾನಾಂತರವಾಗಿ, ಪಕ್ಕದಿಂದ ಹಿಡಿಯಬೇಕು. ಆಗ ಗೀರಿನೊಳಗೆ ನೆರಳು ತುಂಬಿ ಲ್ಯಾಟಿನ್ ಸಾಲು ಎದ್ದು ಕಾಣುತ್ತದೆ: ಫ್ಲೈನುಸ್ ಎಂಬ ಮಠಾಧಿಪತಿ ಸಂತ ಪೇತ್ರ, ಪೌಲರ ಗೌರವಾರ್ಥ ಅರ್ಪಿಸಿದ್ದು. ಇಗರ್ಜಿಯೋ ಸಂತ ಕ್ರಿಸ್ತಿನಾಳದು! ಇದಕ್ಕೂ ಹಿಂದೆ ಸ್ಪೇನನ್ನು ಆಳಿದ ವಿಸಿಗೋಥರ ಕಾಲದ ಬೇರೆ ಕಟ್ಟಡದ ಚಪ್ಪಡಿಯನ್ನು ತಂದು ಇಲ್ಲಿ ಕೂಡಿಸಿದ್ದಾರೆ. ಆ ಬರಹ ನೋಡಿ ಕಟ್ಟಡದ ಕಾಲ ಹೇಳಹೊರಟರೆ ಎಡವುತ್ತೇವೆ.

ಕಾಲ ನಿರ್ಣಯಕ್ಕೆ ಆಧಾರ ಹೋಲಿಕೆ. ಹಗ್ಗದಂತೆ ಹೊಸೆದ ಕಂಬಗಳು, ಪದಕದಂಥ ದುಂಡು ಕೆತ್ತನೆ, ಕಮಾನುಪಟ್ಟಿಗಳ ಮೇಲೆ ಕೂತ, ಉದ್ದಕ್ಕೆ ಸೀಳಿದ ಪೀಪಾಯಿಯಂಥ ಚಾವಣಿ, ಹೊರಗೋಡೆಗೆ ಆಸರೆಯಾದ ಒತ್ತುಗಂಬಗಳು: ಇವೆಲ್ಲ ಒವಿಯೆದೊ ಬಳಿಯ ಸಾಂತಾ ಮರಿಯಾ ದೆಲ್ ನರಾಂಕೊ ಎಂಬ ಕಟ್ಟಡದಲ್ಲೂ ಇವೆ. ಅಲ್ಲಿನ ಬಲಿಪೀಠದ ಶಾಸನ 848ರದು, ಅಸ್ತೂರಿಯಾಸ್ ದೊರೆ 1ನೇ ರಾಮಿರೊನ ಕಾಲ. ಲೇನಾದ ಇಗರ್ಜಿಯನ್ನೂ 9ನೇ ಶತಮಾನದ ನಡುವಿಗೆ ಇಡುವುದು ಹೀಗೆ. ಚಾವಣಿಯನ್ನು ಮಾತ್ರ ಈ ಹೋಲಿಕೆಯಲ್ಲಿ ಹುಷಾರಾಗಿ ಬಳಸಬೇಕು: ಈಗಿರುವುದು 1890ರ ದಶಕದಲ್ಲಿ ವಾಸ್ತುಶಿಲ್ಪಿ ಹುವಾನ್ ಬೌತಿಸ್ತಾ ಲಾಸರೊ ಮತ್ತೆ ಕಟ್ಟಿಸಿದ್ದು. ಅದಕ್ಕೇ ನಕ್ಷೆಯಲ್ಲಿ ಮೂರು ಬಣ್ಣ ಬಳಸಿದೆ. ಚಪ್ಪಡಿಗೆ ಕೆಂಪು, ಗೋಡೆಗೆ ಕಪ್ಪು, ಚಾವಣಿಗೆ ಬೂದು.