ಎರೆ ಹೊಲದ ಕರ್ಚಿಕಾಯಿ: ಗುರುತು ಹಿಡಿಯಿರಿ, ಹಿತ್ತಲಲ್ಲೇ ಬೆಳೆಯಿರಿ

ಶ್ರಾವಣದ ಹೊತ್ತಿಗೆ ಬಾಗಲಕೋಟೆ, ವಿಜಯಪುರದ ಸಂತೆಗಳಲ್ಲಿ ಕರ್ಚಿಕಾಯಿ ಕಾಣಿಸಿಕೊಳ್ಳುತ್ತದೆ. ಹೊಲದಲ್ಲಿ ಆರಿಸಿ ತಂದ ನಾಲ್ಕು ಹಿಡಿ ಕಾಯಿ, ಅಷ್ಟೇ. ತಡವಾಗಿ ಹೋದವರಿಗೆ ಸಿಗುವುದಿಲ್ಲ. ಇದನ್ನು ಬೇಕೆಂದೇ ಬೆಳೆಯುವವರು ಅಪರೂಪ. ಎರೆ ಹೊಲದ ಬದುವಿನಲ್ಲಿ, ಬೆಳೆಯ ಸಾಲಿನ ನಡುವೆ ತಾನಾಗಿಯೇ ಹಬ್ಬುವ ಬಳ್ಳಿ ಇದು. ಕಳೆನಾಶಕ ಹೊಡೆದ ಹೊಲದಲ್ಲಿ ಇದಕ್ಕೆ ಉಳಿಗಾಲವಿಲ್ಲ. ಹಿತ್ತಲಲ್ಲಿ ಬಿಸಿಲು ಬೀಳುವ ಒಂದು ಮೂಲೆ ಇದ್ದರೆ ನೀವೇ ಬೆಳೆದುಕೊಳ್ಳಬಹುದು. ಇದು ಗಡ್ಡೆಯಿಂದ ಬದುಕುವ ಬಳ್ಳಿ ಅನ್ನುವುದೊಂದು ನೆನಪಿರಲಿ. ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ.

ಮೊದಲು ಗುರುತು

ಕರ್ಚಿಕಾಯಿ ಹಾಗಲಕಾಯಿಯ ಹತ್ತಿರದ ನೆಂಟ. ಸಸ್ಯಶಾಸ್ತ್ರದಲ್ಲಿ ಹೆಸರು ಮೊಮೊರ್ಡಿಕಾ ಸಿಂಬಲೇರಿಯಾ. ಬೆಳಗಾವಿ ಕಡೆ ಮರಾಠಿ ಮಾತಾಡುವವರು ಕಡವಂಚಿ ಅನ್ನುತ್ತಾರೆ. ಬಳ್ಳಿ ತೆಳ್ಳಗೆ, ನೆಲದ ಮೇಲೆ ಹರಡುತ್ತದೆ. ಆಸರೆ ಸಿಕ್ಕರೆ ಹತ್ತುತ್ತದೆ. ಎಲೆ ಹೆಚ್ಚುಕಡಿಮೆ ದುಂಡು, ಅಂಚಿನಲ್ಲಿ ಮಾತ್ರ ಐದಾರು ಕಡೆ ಸ್ವಲ್ಪ ಸೀಳಿದಂತೆ ಇರುತ್ತದೆ. ಹಾಗಲದ ಎಲೆಯಷ್ಟು ಆಳವಾದ ಸೀಳು ಇಲ್ಲ. ಹೂವು ಚಿಕ್ಕದು, ಮಸುಕಾದ ಬಿಳಿ. ಗಂಡು ಹೂವು, ಹೆಣ್ಣು ಹೂವು ಎರಡೂ ಒಂದೇ ಬಳ್ಳಿಯಲ್ಲಿ ಬಿಡುತ್ತವೆ. ಕಾಯಿ ಎರಡು, ಎರಡೂವರೆ ಸೆಂಟಿಮೀಟರ್ ಉದ್ದ. ತೊಟ್ಟಿನ ಕಡೆ ಸಣ್ಣಗಾಗಿ, ಮೈಮೇಲೆ ಉದ್ದಕ್ಕೆ ಎದ್ದು ಕಾಣುವ ಏಣುಗಳಿರುತ್ತವೆ. ಆ ಏಣುಗಳೇ ದೊಡ್ಡ ಗುರುತು.

ಮಡಹಾಗಲದ ಜೊತೆ ಗೊಂದಲ ಮಾಡಿಕೊಳ್ಳುವವರಿದ್ದಾರೆ. ಅದರ ಕಾಯಿ ದೊಡ್ಡದು, ಮೈತುಂಬ ಮೆತ್ತನೆಯ ಮುಳ್ಳು. ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ನಿಜವಾಗಿ ಹುಷಾರಾಗಿರಬೇಕಾದದ್ದು ಲಿಂಗತೊಂಡೆಯ ಬಗ್ಗೆ. ಅದು ಬೇಲಿಯಲ್ಲಿ ಹಬ್ಬುತ್ತದೆ, ವಿಷದ ಕಾಯಿ. ಗುಂಡಗೆ, ನುಣ್ಣಗೆ ಇದ್ದು ಬಿಳಿ ಪಟ್ಟೆ ಇರುತ್ತದೆ, ಹಣ್ಣಾದರೆ ಕೆಂಪು. ಕಾಯಿ ಇಲ್ಲದಾಗ ಬಳ್ಳಿಯ ಕುಡಿಸುರುಳಿ ನೋಡಿ. ಲಿಂಗತೊಂಡೆಯದು ಎರಡಾಗಿ ಕವಲೊಡೆದಿರುತ್ತದೆ, ಕರ್ಚಿಕಾಯಿಯದು ಒಂದೇ ಎಳೆ. ಅನುಮಾನ ಇದ್ದರೆ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳನ್ನು ಕೇಳಿ. ಅವರಿಗೆ ದೂರದಿಂದಲೇ ಗೊತ್ತಾಗುತ್ತದೆ.

ಗಡ್ಡೆ ತರುವುದು

ಬೀಜ ಹಾಕಿ ಕಾಯುವುದು ನನ್ನ ಲೆಕ್ಕದಲ್ಲಿ ಸುಮ್ನೆ ಹೊತ್ತು ಕಳೆದಂತೆ. ಸಿಪ್ಪೆ ಗಟ್ಟಿ, ಮೊಳಕೆ ಬರುವುದು ಕಡಿಮೆ. ಗಡ್ಡೆಯೇ ಸರಿ. ಮಳೆಗಾಲ ಮುಗಿದ ಮೇಲೆ ಬಳ್ಳಿ ಪೂರ್ತಿ ಒಣಗಿ ಹೋಗುತ್ತದೆ, ನೆಲದಲ್ಲಿ ಗಡ್ಡೆ ಮಾತ್ರ ಉಳಿಯುತ್ತದೆ. ಆಗ ಹುಡುಕಿದರೆ ಎಲ್ಲಿ ಸಿಗಬೇಕು? ಅದಕ್ಕೇ ಕಾಯಿ ಬಿಡುವಾಗಲೇ ಹೊಲದವರನ್ನು ಕೇಳಿ, ಬುಡದ ಪಕ್ಕ ಒಂದು ಗೂಟ ಹೊಡೆದು ಬನ್ನಿ.

ಬಳ್ಳಿ ಹಳದಿಯಾದ ಮೇಲೆ, ಮಣ್ಣಿನಲ್ಲಿ ಸ್ವಲ್ಪ ಹಸಿ ಇರುವಾಗಲೇ ಅಗೆಯಿರಿ. ಎರೆ ಮಣ್ಣು ಒಣಗಿ ಬಿರುಕು ಬಿಟ್ಟರೆ ಗುದ್ದಲಿ ಇಳಿಯುವುದಿಲ್ಲ, ಇಳಿದರೂ ಗಡ್ಡೆ ಕತ್ತರಿಸುತ್ತದೆ. ಗಾಯವಾದ ಗಡ್ಡೆ ಬೇಗ ಕೊಳೆಯುತ್ತದೆ. ಬುಡದಿಂದ ಒಂದು ಗೇಣು ದೂರದಲ್ಲಿ ಅಗೆಯುತ್ತ ಬನ್ನಿ. ಒಂದೆರಡು ಸಾಕು, ಉಳಿದದ್ದು ಹೊಲದಲ್ಲೇ ಇರಲಿ. ತಂದ ಗಡ್ಡೆಯನ್ನು ತೊಳೆಯಬೇಡಿ. ನೆರಳಲ್ಲಿ ಒಣ ಮರಳಿನಲ್ಲಿ ಮುಚ್ಚಿಡಿ.

ನೆಡುವುದು, ಮತ್ತೆ ಬಿಡುವುದು

ಮೃಗಶಿರಾ ಮಳೆ, ಅಂದರೆ ಜೂನ್ ಎರಡನೇ, ಮೂರನೇ ವಾರ, ನೆಡಲು ಒಳ್ಳೆಯ ಹೊತ್ತು. ಚಿಗುರಿನ ಕಣ್ಣು ಮೇಲೆ ಬರುವಂತೆ, ನಾಲ್ಕು ಬೆರಳು ಆಳಕ್ಕೆ ಇಡಿ. ಗಡ್ಡೆಯಿಂದ ಗಡ್ಡೆಗೆ ಎರಡು ಅಡಿ ಇರಲಿ. ನೆಲದಲ್ಲಾದರೆ ಎರೆ ಮಣ್ಣೇ ಸಾಕು, ನೀರು ನಿಲ್ಲದಂತೆ ಸ್ವಲ್ಪ ಏರು ಮಾಡಿ. ಕುಂಡದಲ್ಲಾದರೆ ಬರೀ ಎರೆ ಮಣ್ಣು ಬೇಡ, ಅದು ಕುಂಡದೊಳಗೆ ಗಟ್ಟಿಯಾಗಿ ಕೂರುತ್ತದೆ. ಮರಳು, ಹಳೆಯ ಗೊಬ್ಬರ ಬೆರೆಸಿ.

ಗೊಬ್ಬರ ಅಷ್ಟಕ್ಕೇ ಮುಗಿಯಿತು. ಜಾಸ್ತಿ ಹಾಕಿದರೆ ಸೊಪ್ಪು ಬರುತ್ತದೆ, ಕಾಯಿ ಬರುವುದಿಲ್ಲ. ಮಳೆ ಕೈಕೊಟ್ಟಾಗ ಮಾತ್ರ ನೀರು ಕೊಡಿ. ಹತ್ತಿಕಟ್ಟಿಗೆ ಊರಿ ಬಳ್ಳಿ ಹತ್ತಿಸಿದರೆ ಕೊಯ್ಯಲು ಸಲೀಸು.

ಚಳಿಗಾಲಕ್ಕೆ ಬಳ್ಳಿ ಒಣಗಿದಾಗ ಸತ್ತಿತು ಅಂದುಕೊಂಡು ಕಿತ್ತು ಎಸೆಯುವವರೇ ಹೆಚ್ಚು. ಕೆಲವರು ಬದುಕಿಸುತ್ತೇವೆಂದು ನೀರು ಸುರಿಯುತ್ತಾರೆ, ಅದು ಇನ್ನೂ ಕೆಟ್ಟದ್ದು. ಗಡ್ಡೆ ಮಲಗಿದೆ, ಅಷ್ಟೇ. ಬೇಸಿಗೆ ಪೂರ್ತಿ ನೀರು ಬೇಡ. ಮುಂದಿನ ಮಳೆಗೆ ಅದೇ ಏಳುತ್ತದೆ.

ಅಡುಗೆಗೆ

ಎಳೆಯದನ್ನೇ ಕೊಯ್ಯಿರಿ. ಬಲಿತರೆ ಬೀಜ ಹಲ್ಲಿಗೆ ಸಿಗುತ್ತದೆ. ಹೆಚ್ಚುವ ಕೆಲಸವಿಲ್ಲ, ತೊಟ್ಟು ಮುರಿದು ಇಡಿಯಾಗಿ ಎಣ್ಣೆಯಲ್ಲಿ ಹುರಿದು, ಉಪ್ಪು, ಖಾರ, ಶೇಂಗಾ ಪುಡಿ ಹಾಕಿದರೆ ಪಲ್ಯ ಆಯಿತು. ಕಹಿ ಇದ್ದೇ ಇರುತ್ತದೆ, ಜೋಳದ ರೊಟ್ಟಿಗೆ ಅದೇ ರುಚಿ ಅಲ್ವಾ? ಸಕ್ಕರೆ ಕಾಯಿಲೆಗೆ ಒಳ್ಳೆಯದು ಅನ್ನುವ ಮಾತು ಕೇಳಿ ಮಾತ್ರೆ ನಿಲ್ಲಿಸಬೇಡಿ. ಗಡ್ಡೆಯನ್ನಂತೂ ತಿನ್ನಲೇಬಾರದು. ಹಿಂದೆ ಅದನ್ನು ಗರ್ಭ ಇಳಿಸಲು ಬಳಸುತ್ತಿದ್ದರು. ಮನೆಯಲ್ಲಿ ಬಸುರಿ ಇದ್ದರೆ ಇದನ್ನು ಹೇಳಿಯೇ ಇಡಿ.