ಎಂಎಸ್ ಇರುವವರಿಗೆ ಮರೆವು, ಮಂಕು ಕಾಡಿದರೆ ಏನು ಮಾಡಬೇಕು

ಎಂಎಸ್, ಅಂದರೆ ಮೆದುಳು, ಬೆನ್ನುಹುರಿಯ ನರಗಳಿಗೆ ಪೆಟ್ಟು ಕೊಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆ ಇದೆ ಎಂದು ಗೊತ್ತಾದಾಗ ಎಲ್ಲರೂ ಕೇಳುವುದು ಕಾಲಿನ ಬಗ್ಗೆ, ಕಣ್ಣಿನ ಬಗ್ಗೆ. ತಲೆ ಮೊದಲಿನ ಹಾಗೆ ಓಡುತ್ತಿದೆಯಾ ಅಂತ ಯಾರೂ ಕೇಳುವುದಿಲ್ಲ. ಕಾಯಿಲೆ ಇರುವವರೂ ಬಾಯಿ ಬಿಡುವುದಿಲ್ಲ. ಜನ ಏನಂದುಕೊಂಡಾರು, ಕೆಲಸ ಹೋದೀತು ಅನ್ನುವ ಭಯ. ಆದರೆ ಎಂಎಸ್ ಇರುವ ನೂರರಲ್ಲಿ ಸುಮಾರು 40ರಿಂದ 65 ಜನರಿಗೆ ಒಂದಲ್ಲ ಒಂದು ಮಟ್ಟದಲ್ಲಿ ಈ ಮರೆವು, ಮಂಕಿನ ತೊಂದರೆ ಇರುತ್ತದೆ. ಚೆನ್ನಾಗಿ ಓಡಾಡಿಕೊಂಡಿರುವವರಿಗೂ ಬರಬಹುದು, ಕಾಯಿಲೆಯ ಶುರುವಿನಲ್ಲೇ ಬರಬಹುದು. ನಮ್ಮ ಅಕ್ಕನಿಗೆ ಎಂಎಸ್ ಇದೆ. ಮನೆಯಲ್ಲಿ ಕೆಲಸಕ್ಕೆ ಬಂದದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಚೆನ್ನಾಗಿ ಅರ್ಥ ಮಾಡಿಕೊಳ್ಳಿ. ಇದು ಸಾಮಾನ್ಯವಾಗಿ ವಯಸ್ಸಾದವರ ಅಲ್ಝೈಮರ್ ಥರದ ಮರೆವಲ್ಲ. ನರಗಳ ಮೇಲಿನ ಮಯಲಿನ್ ಪದರ ಹಾಳಾದಾಗ ಮೆದುಳಿನ ಒಳಗೆ ಸಂದೇಶ ನಿಧಾನವಾಗಿ ಹೋಗುತ್ತದೆ, ಹಾಗಾಗಿ ಎಲ್ಲಕ್ಕಿಂತ ಜಾಸ್ತಿ ಪೆಟ್ಟು ಬೀಳುವುದು ಯೋಚನೆಯ ವೇಗಕ್ಕೆ. ಆಮೇಲೆ ಹೊಸದನ್ನು ಕಲಿತು ನೆನಪಿಟ್ಟುಕೊಳ್ಳುವುದಕ್ಕೆ. ಹಳೆಯ ನೆನಪು, ಭಾಷೆ, ಬುದ್ಧಿ ಬಹುತೇಕ ಹಾಗೇ ಇರುತ್ತವೆ. ಫ್ರಾನ್ಸಿನ ವೈದ್ಯ ಶಾರ್ಕೋ 19ನೇ ಶತಮಾನದಲ್ಲೇ ತಮ್ಮ ರೋಗಿಗಳಲ್ಲಿ ನೆನಪು ಕುಗ್ಗುವುದನ್ನೂ ಯೋಚನೆ ನಿಧಾನವಾಗುವುದನ್ನೂ ಗುರುತಿಸಿದ್ದರು.

ಟಿವಿ ಜೋರಾಗಿ ಓಡುತ್ತಿದೆ, ಅಕ್ಕ ಒಗ್ಗರಣೆಗೆ ಸಾಸಿವೆ ಹಾಕುತ್ತಿದ್ದಾಳೆ, ಕುಕ್ಕರ್ ಎಷ್ಟು ಸಲ ಕೂಗಿತು ಅಂತ ಲೆಕ್ಕವನ್ನೂ ಇಟ್ಟಿದ್ದಾಳೆ. ಆಗಲೇ ನಾನು ಹಜಾರದಿಂದ "ನಾಳೆ ಗ್ಯಾಸ್‌ನವನು ಬರ್ತಾನಂತೆ" ಅನ್ನುತ್ತೇನೆ. ಮಾರನೇ ದಿನ ಅವಳಿಗೆ ಅದು ಗೊತ್ತೇ ಇರುವುದಿಲ್ಲ. ಮಾತು ಸರಿಯಾಗಿ ಒಳಗೆ ಹೋಗಿದ್ದರೆ ತಾನೇ ನೆನಪಿರುವುದು! ಆದ್ದರಿಂದ "ಇನ್ನೂ ಗಮನ ಇಟ್ಟು ನೆನಪಿಟ್ಟುಕೋ" ಅಂತ ಗದರಿದರೆ ಪ್ರಯೋಜನವಿಲ್ಲ. ವಿಷಯ ನಿಧಾನವಾಗಿ, ಒಂದೊಂದಾಗಿ ಒಳಗೆ ಹೋಗುವ ಹಾಗೆ ಮಾಡಬೇಕು.

ಅದಕ್ಕೂ ಮೊದಲು ಬೇರೆ ಕಾರಣ ಇದೆಯಾ ಅಂತ ವೈದ್ಯರಲ್ಲಿ ನೋಡಿಸಿ. ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿ. ರಾತ್ರಿ ಮೂತ್ರಕ್ಕೆ ಪದೇ ಪದೇ ಎದ್ದು ನಿದ್ದೆ ಕೆಡುತ್ತಿದ್ದರೆ ಹೇಳಿ. ಖಿನ್ನತೆ ಎಂಎಸ್‌ನಲ್ಲಿ ತುಂಬಾ ಸಾಮಾನ್ಯ, ಅದೊಂದೇ ಸಾಕು ತಲೆ ಮಂಕಾಗಲು, ಅದಕ್ಕೆ ಚಿಕಿತ್ಸೆಯೂ ಇದೆ. ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ಮೂತ್ರದ ತೊಂದರೆಗೆ ಕೊಡುವ ಆಕ್ಸಿಬ್ಯುಟಿನಿನ್, ಸ್ನಾಯು ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್ ಮಂಕು ತರಬಹುದು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಕೇಳಿ ಬದಲಾಯಿಸಿಕೊಳ್ಳಿ.

ನಂತರ ಪರೀಕ್ಷೆ. ಯೋಚನೆಯ ವೇಗ ಅಳೆಯಲು ಎಸ್‌ಡಿಎಂಟಿ ಅಂತ ಒಂದಿದೆ: ಚಿಹ್ನೆಗಳ ಸಾಲು ಕೊಡುತ್ತಾರೆ, ಯಾವ ಚಿಹ್ನೆಗೆ ಯಾವ ಅಂಕಿ ಅಂತ ಮೇಲೆ ಕೊಟ್ಟಿರುವ ಪಟ್ಟಿ ನೋಡಿಕೊಂಡು 90 ಸೆಕೆಂಡಿನಲ್ಲಿ ಆದಷ್ಟು ಚಿಹ್ನೆಗಳಿಗೆ ಅಂಕಿ ಹೇಳಬೇಕು. ಬಾಯಲ್ಲೇ ಹೇಳಬಹುದು, ಹಾಗಾಗಿ ಕೈ ನಡುಗಿದರೂ ಪರವಾಗಿಲ್ಲ. ಇಂಗ್ಲಿಷೂ ಬೇಡ. ಕಾಯಿಲೆ ಗೊತ್ತಾದ ಹೊಸದರಲ್ಲೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸಿ. ಒಂದು ಸಲದ ಅಂಕಕ್ಕಿಂತ ಹಿಂದಿನ ವರ್ಷಕ್ಕೂ ಈ ವರ್ಷಕ್ಕೂ ಇರುವ ವ್ಯತ್ಯಾಸ ಮುಖ್ಯ. ಸುಮಾರು 4 ಅಂಕ ಇಳಿದರೂ ವೈದ್ಯರಿಗೆ ತೋರಿಸಬೇಕು. ನ್ಯೂರಾಲಜಿಸ್ಟ್ ತಾವಾಗಿ ಹೇಳದಿದ್ದರೆ ನೀವೇ ಕೇಳಿ, ಸಂಕೋಚ ಬೇಡ. ವಿವರವಾದ ಪರೀಕ್ಷೆ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನ್ಯೂರೋಸೈಕಾಲಜಿ ತಜ್ಞರಿದ್ದಾರೆ, ಅಂದರೆ ನೆನಪು, ಯೋಚನೆಯನ್ನು ಪರೀಕ್ಷಿಸುವವರು.

ಈಗ ಮನೆಯಲ್ಲಿ. ಒಂದು ಸಲಕ್ಕೆ ಒಂದೇ ಕೆಲಸ, ಇದು ಎಲ್ಲಕ್ಕಿಂತ ಮುಖ್ಯ. ಮಾತಾಡುವಾಗ ಟಿವಿ ನಿಲ್ಲಿಸಿ, ಕುಕ್ಕರ್ ಕೂಗುವುದನ್ನು ಎಣಿಸುವ ಬದಲು ಫೋನಿನಲ್ಲಿ ಟೈಮರ್ ಇಡಿ. ಕೇಳಿದ್ದನ್ನು ಅವರು ತಮ್ಮದೇ ಮಾತಿನಲ್ಲಿ ತಿರುಗಿ ಹೇಳಲಿ, ತಮ್ಮ ಕೈಯಿಂದಲೇ ಬರೆದುಕೊಳ್ಳಲಿ. ನಾವು ಬರೆದುಕೊಟ್ಟ ಚೀಟಿಗಿಂತ ತಾವೇ ಮಾಡಿಕೊಂಡದ್ದು ಜಾಸ್ತಿ ನೆನಪಿರುತ್ತದೆ. ಇನ್ನೊಂದು, ಓದಿದ್ದನ್ನೇ ಮತ್ತೆ ಮತ್ತೆ ಓದುವುದು ಅಷ್ಟು ಉಪಯೋಗವಿಲ್ಲ. ಪುಸ್ತಕ ಮುಚ್ಚಿ "ಏನಿತ್ತು?" ಅಂತ ತಮ್ಮನ್ನೇ ಕೇಳಿಕೊಳ್ಳಬೇಕು. ಹತ್ತು ನಿಮಿಷ ಬಿಟ್ಟು ಒಮ್ಮೆ, ಸಂಜೆ ಒಮ್ಮೆ, ನಾಳೆ ಒಮ್ಮೆ. ಅಂಗಡಿ ಸಾಮಾನಿನ ಪಟ್ಟಿಯನ್ನು ಕಥೆ ಮಾಡಿಕೊಂಡರೂ ಚೆನ್ನಾಗಿ ನಿಲ್ಲುತ್ತದೆ. ತೊಗರಿಬೇಳೆ, ಸೋಪು, ಬಲ್ಬು, ಬಾಳೆಹಣ್ಣು ಬೇಕಿದ್ದರೆ, ಬಲ್ಬಿನ ಬೆಳಕಲ್ಲಿ ಕೋತಿ ಬಾಳೆಹಣ್ಣನ್ನು ಸೋಪು ಹಚ್ಚಿ ತೊಳೆದು ಬೇಳೆ ಡಬ್ಬದಲ್ಲಿ ಬಚ್ಚಿಡುತ್ತಿದೆ ಅಂತ ಕಣ್ಣಮುಂದೆ ತಂದುಕೊಳ್ಳಿ. ಅಕ್ಕ ನಗುತ್ತಾ ನಾಲ್ಕನ್ನೂ ತಂದಳು.

ಡೈರಿ ಒಂದೇ ಇರಲಿ. ಫ್ರಿಜ್ ಮೇಲೊಂದು ಚೀಟಿ, ಪರ್ಸಿನಲ್ಲೊಂದು ಚೀಟಿ ಅಂದರೆ ಅದನ್ನು ಹುಡುಕುವುದೇ ಕೆಲಸ. ಮಾತ್ರೆಗೆ ವಾರದ ದಿನಗಳ ಡಬ್ಬಿ, ಬೀಗದಕೈಗೆ ಒಂದು ಮೊಳೆ.

ತಲೆಗೆ ಕೆಲಸ ಕೊಡುವ ಲೆಕ್ಕಪತ್ರ, ಬ್ಯಾಂಕು, ಅರ್ಜಿ ಇವನ್ನೆಲ್ಲ ಸುಸ್ತು ಕಡಿಮೆ ಇರುವ ಹೊತ್ತಿಗೆ ಇಟ್ಟುಕೊಳ್ಳಿ. ಬಹಳ ಜನರಿಗೆ ಅದು ಬೆಳಗ್ಗೆ. ಮೈ ಬಿಸಿಯಾದರೆ ಎಂಎಸ್ ಲಕ್ಷಣಗಳು ಸ್ವಲ್ಪ ಹೊತ್ತು ಜಾಸ್ತಿಯಾಗುತ್ತವೆ, ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಕೇಳಲೇಬೇಡಿ. ತಣ್ಣೀರು ಸ್ನಾನ, ಫ್ಯಾನು, ಒದ್ದೆ ಬಟ್ಟೆ ಇವು ಆರೈಕೆಯ ಭಾಗವೇ.

ನೆನಪಿನ ಶಕ್ತಿಗೆ ಅಂತ ಮಾರುವ ಟಾನಿಕ್ಕಿಗೆ ದುಡ್ಡು ಸುರಿಯಬೇಡಿ. ಎಂಎಸ್‌ನ ಮರೆವಿಗೆಂದೇ ಮಂಜೂರಾದ ಮಾತ್ರೆ ಇಲ್ಲ. ನೆನಪಿನ ತರಬೇತಿ, ವ್ಯಾಯಾಮ, ನಿದ್ದೆ, ಸಿಗರೇಟು ಬಿಡುವುದು, ಜೊತೆಗೆ ಎಂಎಸ್‌ನ ಚಿಕಿತ್ಸೆಯನ್ನು ತಪ್ಪಿಸದೇ ಇರುವುದು, ದಾರಿ ಇಷ್ಟು.

ಮನೆಯವರಿಗೆ ಒಂದು ಮಾತು. "ಇಷ್ಟೂ ನೆನಪಿಲ್ವಾ?" ಅನ್ನಬೇಡಿ, ಅದು ತುಂಬಾ ನೋಯಿಸುತ್ತದೆ. ಪದ ಹುಡುಕುತ್ತಿದ್ದರೆ ಕಾಯಿರಿ. ಅಕ್ಕ ನನಗೆ ಹೇಳಿದ್ದು ಇಷ್ಟೇ: "ನಾಲ್ಕು ಸಲ ಕೂಗಬೇಡ, ಹತ್ತಿರ ಬಂದು ಒಂದು ಸಲ ನಿಧಾನವಾಗಿ ಹೇಳು."

ಕೆಲಸಕ್ಕೆ ಹೋಗುವವರು ಸೂಚನೆಗಳನ್ನು ಬರಹದಲ್ಲಿ ಕೇಳಿ, ಗದ್ದಲ ಕಡಿಮೆ ಇರುವ ಜಾಗ ಕೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ.

ಕೆಲವೇ ದಿನಗಳಲ್ಲಿ ಇದ್ದಕ್ಕಿದ್ದ ಹಾಗೆ ಗೊಂದಲ, ಮರೆವು ಜಾಸ್ತಿಯಾದರೆ ಮಾತ್ರ ಇವನ್ನೆಲ್ಲ ಮಾಡುತ್ತಾ ಕೂರಬೇಡಿ. ಮೂತ್ರದ ಸೋಂಕು, ಜ್ವರ ಇರಬಹುದು, ಕಾಯಿಲೆ ಮತ್ತೆ ಕೆರಳಿರಬಹುದು. ಯಾವ ದಿನ ಶುರುವಾಯಿತು ಬರೆದಿಟ್ಟುಕೊಂಡು ಅವತ್ತೇ ನ್ಯೂರಾಲಜಿಸ್ಟ್‌ಗೆ ಫೋನ್ ಮಾಡಿ. ಹೋಗುವಾಗ ಹಳೆಯ ಎಸ್‌ಡಿಎಂಟಿ ಅಂಕದ ಕಾಗದ ಜೊತೆಗಿರಲಿ.