ಪರಪರ ಸದ್ದಿನ ಚೆಂಡು

ಮೈಸೂರಿನ ನಮ್ಮ ಬಡಾವಣೆಯಲ್ಲಿ ಪ್ರತಿ ಬೇಸಿಗೆ ರಜೆಯಲ್ಲಿ ಹತ್ತು ದಿನ ಮಕ್ಕಳ ಶಿಬಿರ ನಡೆಸುತ್ತೇನೆ. ಮೂರು ವರ್ಷದ ಹಿಂದೆ ಕಣ್ಣು ಕಾಣದ ಹುಡುಗಿಯೊಬ್ಬಳು ಸೇರಿದಳು. ಚೆನ್ನಾಗಿ ಹಾಡುತ್ತಿದ್ದಳು. ದಿನಾ ಬೆಳಿಗ್ಗೆ ಅವಳ ಕೈಲೇ ಪ್ರಾರ್ಥನೆ ಹಾಡಿಸಿದೆ. ಉಳಿದವರು ಮೈದಾನಕ್ಕೆ ಓಡಿದರೆ ಅವಳು ಹೊಂಗೆ ಮರದ ನೆರಳಲ್ಲಿ ಕೂತಿರುತ್ತಿದ್ದಳು. ನಾಲ್ಕನೇ ದಿನ ಕೇಳಿದಳು, "ಮಿಸ್, ನಂಗೆ ಬ್ಯಾಟಿಂಗ್ ಯಾವಾಗ?"

ಉತ್ತರ ಇರಲಿಲ್ಲ. ಅಂಧರ ಮೊದಲ ಟಿ20 ವಿಶ್ವಕಪ್ 2012ರಲ್ಲಿ ನಡೆದದ್ದು ಬೆಂಗಳೂರಿನಲ್ಲೇ. ಗೆದ್ದ ನಮ್ಮ ತಂಡದ ನಾಯಕ ಶಿವಮೊಗ್ಗ ಕಡೆಯ ಶೇಖರ್ ನಾಯ್ಕ್. ಅದೆಲ್ಲ ಗೊತ್ತಿದ್ದೂ ಈ ಮಗುವನ್ನು ಕೂರಿಸಿಬಿಟ್ಟಿದ್ದೆ.

ಅಂಧರ ಕ್ರಿಕೆಟ್ ಚೆಂಡಿನೊಳಗೆ ಬೇರಿಂಗ್ ಗುಂಡುಗಳಿರುತ್ತವೆ, ಉರುಳಿದರೆ ಗಲಗಲ ಅನ್ನುತ್ತೆ. ಅದು ತಕ್ಷಣ ಸಿಗಲಿಲ್ಲ. ಪ್ಲಾಸ್ಟಿಕ್ ಚೆಂಡಿಗೆ ಪರಪರ ಅನ್ನುವ ಕವರ್ ಸುತ್ತಿ ಟೇಪ್ ಹಾಕಿದೆವು. ಸ್ಟಂಪಿನ ಜಾಗದಲ್ಲಿ ಖಾಲಿ ಎಣ್ಣೆ ಟಿನ್ನು. ಓಡೋಕೆ ಪಿಚ್ ಪಕ್ಕ ಸೊಂಟದೆತ್ತರಕ್ಕೆ ನೈಲಾನ್ ಹಗ್ಗ. ತುದಿ ಇನ್ನು ಮೂರು ಹೆಜ್ಜೆ ಇದೆ ಅನ್ನುವಾಗ ಕೈಗೆ ದಪ್ಪ ಗಂಟು ಸಿಗುತ್ತೆ, ಅಲ್ಲಿ ವೇಗ ಕಡಿಮೆ ಮಾಡಬೇಕು. ಬೌಲರ್ "ರೆಡಿ?" ಅನ್ನಬೇಕು. ಅವಳು "ಎಸ್" ಅಂದಮೇಲೆ "ಪ್ಲೇ" ಅಂತ ಕೂಗಿ, ಕೈ ಎತ್ತದೆ ಕೆಳಗಿನಿಂದಲೇ ಹಾಕಬೇಕು. ಇದೂ ಅಂಧರ ಕ್ರಿಕೆಟ್ಟಿನ ನಿಯಮವೇ.

ಜಾಸ್ತಿ ಕಷ್ಟ ಆಗಿದ್ದು ಮಿಕ್ಕ ಮಕ್ಕಳನ್ನು ಸುಮ್ಮನಿರಿಸೋದು. ಚೆಂಡು ಉರುಳುವಾಗ ಒಬ್ಬ ಕಿರುಚಿದರೂ ಅವಳಿಗೆ ಏನೂ ಕೇಳಿಸಲ್ಲ ಅಲ್ವಾ? ಎರಡು ದಿನ ಬೇಕಾಯಿತು.

ಒಮ್ಮೆ ಎಲ್ಲರ ಕಣ್ಣಿಗೂ ಬಟ್ಟೆ ಕಟ್ಟಿಸಿ ಆಡಿಸಿದೆ. ಅದು ಸರಿಹೋಗಲಿಲ್ಲ. ಎಡವಿ, ಡಿಕ್ಕಿ ಹೊಡೆದು, ಕೊನೆಗೆ "ಪಾಪ, ಅವಳಿಗೆ ಎಷ್ಟು ಕಷ್ಟ" ಅಂದರು. ಆ 'ಪಾಪ' ನನಗೆ ಬೇಕಿರಲಿಲ್ಲ. ಮತ್ತೆ ಕಟ್ಟಿಸಲಿಲ್ಲ. ಅದರ ಬದಲು ಇನ್ನೊಂದು ನಿಯಮ ತಂದೆ: ಪೂರ್ತಿ ಕಣ್ಣು ಕಾಣದ ಆಟಗಾರರ ಒಂದು ರನ್ನಿಗೆ ಎರಡು ಲೆಕ್ಕ. ಮಾರನೇ ದಿನದಿಂದ ಎರಡೂ ಟೀಮಿಗೆ ಅವಳೇ ಬೇಕು!

ಮುಂದಿನ ವರ್ಷ ಗಾಲಿಕುರ್ಚಿಯ ಹುಡುಗ ಬಂದ. ಹಾಲ್‌ಗೆ ಒಂದಡಿ ಎತ್ತರದ ಮೆಟ್ಟಿಲು. ಒಂದಡಿಗೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು, ಅಷ್ಟು ಜಾಗ ಇರಲಿಲ್ಲ. ಕೇರಂ ಬೋರ್ಡನ್ನೇ ಹೊರಗೆ ಶಾಮಿಯಾನದ ಕೆಳಗೆ ತಂದೆವು.

ಹೋದ ಏಪ್ರಿಲ್‌ನಲ್ಲಿ ಅವಳು ಬ್ಯಾಟ್ ಮಾಡುವಾಗ ಟಿನ್ನು ಡಣ್ ಅಂತು. ಎಲ್ಲರೂ "ಔಟ್!" ಅಂದರು. ಅವಳು ಬ್ಯಾಟ್ ಬಿಡಲಿಲ್ಲ. "ಪ್ಲೇ ಅನ್ನಲೇ ಇಲ್ಲ ಅವನು. ನೋ ಬಾಲ್!"

ಹೌದು, ಅಂದಿರಲಿಲ್ಲ. ನೋ ಬಾಲ್ ಕೊಟ್ಟೆ.